ಪುನರ್ವಸತಿ: ಮನೆ ಇದ್ದವರಿಗೂ ಬೇಕಾಗುವ ಪದ

ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿಟ್ಟು ಎಷ್ಟೋ ವರ್ಷವಾಯಿತು. ಜನರ ಬಾಯಲ್ಲಿ ಮಾತ್ರ ಅದು ಇನ್ನೂ ರೆಸಿಡೆನ್ಸಿ ರೋಡೇ. ಆ ರಸ್ತೆಯಲ್ಲಿ ಕಾರ್ಯಪ್ಪನವರ ಹೆಸರಿನ ಭವನವೊಂದಿದೆ. ಅಲ್ಲಿರುವ ಸರ್ಕಾರಿ ಕಚೇರಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. 'ಕಲ್ಯಾಣ' ಸರಿ. ಆದರೆ ಸೈನಿಕರಿಗೆ ಯಾಕೆ ಪುನರ್ವಸತಿ? ಅವರೇನು ಮನೆಮಠ ಕಳೆದುಕೊಂಡವರೇ?

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುವ ಮಾಜಿ ಹವಾಲ್ದಾರರನ್ನು ಒಮ್ಮೆ ಇದನ್ನೇ ಕೇಳಿದೆ. ಬಾಗಲಕೋಟೆ ಕಡೆಯವರು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾರೆ. ಅವರು ನಕ್ಕರು. "ನಮ್ಮೂರು ಆಲಮಟ್ಟಿ ನೀರಾಗ ಹೋತ್ರಿ ಸರ. ಪುನರ್ವಸತಿ ಅವಾಗೇ ಆಗೇತಿ. ಮನಿ ಐತಿ. ಬೇಕಾಗಿದ್ದು ಕೆಲಸ ನೋಡ್ರಿ."

ಗೊಂದಲ ಇರುವುದು ಇಲ್ಲೇ. ಕನ್ನಡದಲ್ಲಿ ಪುನರ್ವಸತಿ ಎಂದರೆ ಮತ್ತೆ ನೆಲೆ ಕೊಡುವುದು. ಹಿನ್ನೀರಿನಲ್ಲಿ ಊರು ಮುಳುಗಿದವರಿಗೆ ಕಟ್ಟಿಕೊಟ್ಟ ಹೊಸ ಊರಿಗೂ ಪುನರ್ವಸತಿ ಕೇಂದ್ರ ಎನ್ನುತ್ತೇವೆ, ಕುಡಿತ ಬಿಡಿಸುವ ಜಾಗಕ್ಕೂ ಪುನರ್ವಸತಿ ಕೇಂದ್ರ ಎನ್ನುತ್ತೇವೆ. ಇಂಗ್ಲಿಷಿನವರು ಎರಡು ಪದ ಇಟ್ಟುಕೊಂಡ ಕಡೆ ನಾವು ಒಂದರಲ್ಲೇ ಮುಗಿಸಿದ್ದೇವೆ. ಒಂದು ರೀಸೆಟಲ್‌ಮೆಂಟ್: ಸೇನೆಯ ಮಟ್ಟಿಗೆ, ಸೇವೆ ಬಿಟ್ಟವರನ್ನು ಹೊರಗಿನ ಕೆಲಸಕ್ಕೆ ಹೊಂದಿಸುವುದು. ಇನ್ನೊಂದು ರಿಹ್ಯಾಬಿಲಿಟೇಷನ್: ಗಾಯಗೊಂಡ ಮೈಯನ್ನೋ ಮನಸ್ಸನ್ನೋ ಮತ್ತೆ ಬಾಳುವೆಗೆ ಅಣಿ ಮಾಡುವುದು. ಇಲಾಖೆಯ ಹೆಸರಿನಲ್ಲಿರುವುದು ಮೊದಲನೆಯದು. ಹವಾಲ್ದಾರರಂಥವರಿಗೆ ಎರಡೂ ಬೇಕು, ಅದೂ ಒಟ್ಟಿಗೆ ಬೇಕು. ಹಾಗಾಗಿ ನಮ್ಮ ಒಂದೇ ಪದ ಬಡತನವಲ್ಲ, ಒಂಥರಾ ಅನುಕೂಲ ಎಂದು ನನಗೆ ಈಗ ಅನ್ನಿಸುತ್ತದೆ.

ಸೇನೆಯವರ ಬಾಯಲ್ಲಿ ಇನ್ನೆರಡು ಮಾತು ಬರುತ್ತವೆ. ಒಂದು 'ಸಿವಿಲ್'. ನಮಗೆ ಅದು ಕೋರ್ಟಿನ ಕೇಸು ಅಥವಾ ಎಂಜಿನಿಯರಿಂಗಿನ ಒಂದು ಶಾಖೆ. ಅವರಿಗೆ ಸಿವಿಲ್ ಎಂದರೆ ಸೇನೆಯ ಗೇಟಿನ ಆಚೆ ಇರುವ ಇಡೀ ಜಗತ್ತು. ಇನ್ನೊಂದು 'ಬೋರ್ಡ್ ಔಟ್'. ವೈದ್ಯಕೀಯ ಮಂಡಳಿ ನೋಡಿ, ಇನ್ನು ಸೇವೆಗೆ ಆಗುವುದಿಲ್ಲ ಎಂದು ಮನೆಗೆ ಕಳಿಸುವುದು. ಈ ತಪಾಸಣೆಗೆ ಸೇನೆಯಲ್ಲಿ 'ಶೇಪ್' ಎಂಬ ಲೆಕ್ಕವಿದೆ. ಇಂಗ್ಲಿಷಿನ ಐದು ಅಕ್ಷರ: ಮನಸ್ಸು, ಕಿವಿ, ಕೈಕಾಲು, ದೇಹದ ಒಟ್ಟು ಶಕ್ತಿ, ಕಣ್ಣು. ಎಲ್ಲವೂ ಸರಿಯಿದ್ದರೆ 'ಶೇಪ್ ಒನ್'. ಗಮನಿಸಿ, ಮೊದಲ ಅಕ್ಷರವೇ ಮನಸ್ಸಿನದು. ಆದರೆ ಊರಿಗೆ ಬಂದ ಮೇಲೆ ಕಾಲಿನ ಗಾಯದ ಕತೆಯನ್ನು ಹತ್ತು ಜನರಿಗೆ ಹೇಳುವವರು ಮನಸ್ಸಿನದನ್ನು ಹೆಂಡತಿಗೂ ಹೇಳುವುದಿಲ್ಲ.

ಆ ಗಾಯಕ್ಕೆ ಹೆಸರು ಸಿಕ್ಕಿದ್ದೂ ತಡವಾಗಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ 'ಶೆಲ್ ಶಾಕ್' ಎನ್ನುತ್ತಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ನೋಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕಾಯಿಲೆಗಳ ಪಟ್ಟಿಗೆ ಪಿಟಿಎಸ್‌ಡಿ ಎಂಬ ಹೆಸರು ಸೇರಿಸಿದರು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ. ಹೇಳುವಷ್ಟರಲ್ಲಿ ನಾಲಿಗೆ ತೊಡರುತ್ತದೆ, ಅಲ್ವಾ? ಮುಗಿದುಹೋದ ಅಪಾಯ ಇನ್ನೂ ಮುಗಿದಿಲ್ಲ ಎಂದು ಮೈ ನಂಬಿಕೊಂಡಿರುವುದು ಎಂದರೆ ಸಾಕು. ನಿದ್ದೆ ಬರುವುದಿಲ್ಲ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವ ಸದ್ದಿಗೆ ಬೆವರು ಬರುತ್ತದೆ. ಕ್ಲಾಸಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂರಲು ಆಗುವುದಿಲ್ಲ.

ಕ್ಲಾಸು ಎಂದೆ. ನಾನು ಹೇಳಹೊರಟ ವಿಷಯವೂ ಅದೇ: ಗಾಯಗೊಂಡು ಮರಳಿದ ಸೈನಿಕರಿಗೆ ಕಾಲೇಜು.

ಪುನರ್ವಸತಿಯ ಎರಡೂ ಅರ್ಥ ಒಂದೇ ಸೂರಿನಡಿ ಬಂದ ಜಾಗ ಹುಡುಕಿದರೆ ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಸಿಗುತ್ತದೆ. 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದ್ದರು. ಜನ ಅದನ್ನು ಜಿಐ ಬಿಲ್ ಎನ್ನುತ್ತಾರೆ. ಯುದ್ಧದಿಂದ ಬಂದವರ ಕಾಲೇಜು ಶುಲ್ಕ ಸರ್ಕಾರದ್ದು, ಜೊತೆಗೆ ಬದುಕಲು ತಿಂಗಳಿಗಿಷ್ಟು ಹಣ. 1956ರ ಹೊತ್ತಿಗೆ ಸುಮಾರು 22 ಲಕ್ಷ ಮಂದಿ ಇದರಿಂದ ಕಾಲೇಜು ಮೆಟ್ಟಿಲು ಹತ್ತಿದ್ದರು. ಗಾಲಿಕುರ್ಚಿಯವರಿಗೆ ತೊಂದರೆ ಆ ಮೆಟ್ಟಿಲಿನದೇ. ಶುಲ್ಕ ಕಟ್ಟುವವರಿದ್ದರೂ ಕಟ್ಟಡದೊಳಗೆ ಹೋಗಲು ದಾರಿ ಇರಲಿಲ್ಲ.

ಗೇಲ್ಸ್‌ಬರ್ಗಿನಲ್ಲಿ ಯುದ್ಧಕಾಲದ ಸೇನಾ ಆಸ್ಪತ್ರೆಯೊಂದನ್ನು ಇಲಿನಾಯ್ ವಿಶ್ವವಿದ್ಯಾಲಯ ತನ್ನದೊಂದು ಕ್ಯಾಂಪಸ್ ಮಾಡಿಕೊಂಡಿತ್ತು. 1948ರಲ್ಲಿ ಟಿಮ್ ನ್ಯೂಜೆಂಟ್ ಎಂಬವರು ಅಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿದರು. ಅವರಲ್ಲಿ ಯುದ್ಧದಲ್ಲಿ ಗಾಯಗೊಂಡವರೂ ಇದ್ದರು. ಮರುವರ್ಷವೇ ಕ್ಯಾಂಪಸ್ ಮುಚ್ಚುತ್ತದೆ ಎಂಬ ಸುದ್ದಿ ಬಂತು. ವಿದ್ಯಾರ್ಥಿಗಳು ಗಾಲಿಕುರ್ಚಿಯಲ್ಲೇ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಪ್ರತಿಭಟಿಸಿದರು. ಕೊನೆಗೆ ಅರ್ಬಾನಾದ ಮುಖ್ಯ ಕ್ಯಾಂಪಸ್ ಅವರನ್ನು ಸೇರಿಸಿಕೊಂಡಿತು. ಇಳಿಜಾರು ದಾರಿ, ಲಿಫ್ಟ್ ಇರುವ ಬಸ್ಸು ಎಲ್ಲ ಒಂದೊಂದಾಗಿ ಬಂದವು. ನನಗೆ ಈ ಕತೆಯಲ್ಲಿ ಹಿಡಿಸಿದ್ದು ಬಸ್ಸಿನ ಲಿಫ್ಟ್. ಮಾಡಿಸಿದ್ದು ಅವರಿಗಾಗಿ ಇರಬಹುದು, ಆದರೆ ಅಂಥ ಬಸ್ಸು ಯುದ್ಧ ನೋಡದವರನ್ನೂ ಹತ್ತಿಸಿಕೊಳ್ಳುತ್ತದೆ.

ಗಾಯದ ಸೈನಿಕನಿಗೆ ಕಾಲೇಜು ಯಾಕೆ, ನೇರ ಕೆಲಸವೇ ಕೊಡಬಹುದಲ್ಲ? ಕೊಡಬಹುದು. ಆದರೆ ಕೆಲಸ ಮೊದಲ ದಿನವೇ ಫಲಿತಾಂಶ ಕೇಳುತ್ತದೆ. ಕಾಲೇಜು ಮೂರು ವರ್ಷ ಕಾಯುತ್ತದೆ. ನಡುವೆ ಆಸ್ಪತ್ರೆಗೆ ಹೋಗಿ ಬರಬಹುದು, ಒಂದು ಪೇಪರ್ ಬಿಟ್ಟು ಮತ್ತೆ ಬರೆಯಬಹುದು. 'ಮಾಜಿ' ಎಂದು ಕರೆಸಿಕೊಳ್ಳುತ್ತಿದ್ದವನಿಗೆ 'ವಿದ್ಯಾರ್ಥಿ' ಎಂಬ ಹಾಲಿ ಹೆಸರು ಸಿಗುತ್ತದೆ.

ನಮ್ಮಲ್ಲೂ ಈ ವಿಚಾರ ಹೊಸದಲ್ಲ. ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆ ಶುರುವಾಗಿದ್ದು 1917ರಲ್ಲಿ. ಈಗ ಪುಣೆಯ ಖಡಕಿಯಲ್ಲಿದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವೂ ಕೋರ್ಸು ನಡೆಸುತ್ತದೆ. ಆದರೆ ಅವು ಹೆಚ್ಚಾಗಿ ವಾರಗಳ, ತಿಂಗಳುಗಳ ಲೆಕ್ಕದವು. ಪದವಿಯ ಮಾತು ಬಂದರೆ ನಮ್ಮ ನೋಟ ಥಟ್ಟನೆ ಮಕ್ಕಳ ಕಡೆ ತಿರುಗುತ್ತದೆ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಪತಿಯನ್ನು ಕಳೆದುಕೊಂಡ ಹೆಂಗಸರಿಗೆ. ಸಿಇಟಿಯಲ್ಲಿ ಸೈನಿಕರ ಹೆಸರಿನ ಸೀಟೂ ಮಕ್ಕಳಿಗೇ. ಮಗಳಿಗೆ ಕಾಲೇಜು, ಅಪ್ಪನಿಗೆ ಗೇಟು. ಮಗಳಿಗೆ ಸಿಕ್ಕಿದ್ದು ತಪ್ಪಲ್ಲ. ಅಪ್ಪನಿಗೂ ಇನ್ನೂ ನಲವತ್ತೊಂದೇ ವಯಸ್ಸು ಎಂಬುದನ್ನು ಮರೆಯುತ್ತೇವೆ, ಅಷ್ಟೇ.

ಹವಾಲ್ದಾರರ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದ ಮಾಜಿ ಸೈನಿಕರನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಎಂದು ನೋಡುವ ನಿಯಮವಿದೆ. ಇವರು ಬೋರ್ಡ್ ಔಟ್ ಆದದ್ದು ಹನ್ನೆರಡನೇ ವರ್ಷದಲ್ಲಿ. ಗಾಯ ಕಾಲಿನ ಜೊತೆ ಆ 'ಪದವಿ'ಯನ್ನೂ ಕಿತ್ತುಕೊಂಡಿತು. 2022ರಲ್ಲಿ ಶುರುವಾದ ನಾಲ್ಕು ವರ್ಷದ ಸೇವೆಯ ಯೋಜನೆಯಲ್ಲಿ ಸೇರಿದ ಅಗ್ನಿವೀರರಿಗೆ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ ಬೇರೆ ದಾರಿ ಮಾಡಿದೆ. ಅವರ ಪದವಿಯ ಅರ್ಧ ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತದೆ. ಇವರ ಕಾಲಕ್ಕೆ ಅದಿರಲಿಲ್ಲ.

ಇವರಿಗೆ ಉಳಿದಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು ಸೈನಿಕರಿಗೆಂದೇ ಮಾಡಿದ್ದಲ್ಲ, ಎಲ್ಲರದು. ವೈಕಲ್ಯ 40 ಶೇಕಡಾ ಅಥವಾ ಹೆಚ್ಚಿದ್ದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5 ಶೇಕಡಾ ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಬರೆಯಲು ತೊಂದರೆ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೊಡಬೇಕೆಂಬ ಸೂಚನೆಯೂ ಇದೆ. ಮನಸ್ಸಿನ ಗಾಯಕ್ಕೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಇಷ್ಟೆಲ್ಲ ಒಂದೇ ಊರಿನಲ್ಲಿದ್ದೂ ಒಂದರಿಂದ ಇನ್ನೊಂದಕ್ಕೆ ಕೈಹಿಡಿದು ಕರೆದೊಯ್ಯುವವರು ಕಡಿಮೆ.

ಮೊನ್ನೆ ಹವಾಲ್ದಾರರಿಗೆ ಮುಕ್ತ ವಿಶ್ವವಿದ್ಯಾಲಯದ ಬಿ.ಕಾಂ. ಬಗ್ಗೆ ಹೇಳಿದೆ. ಶುಲ್ಕ ಎಷ್ಟೆಂದು ಕೇಳಲಿಲ್ಲ. ಇಂಗ್ಲಿಷು ಬೇಕಾ ಎಂದೂ ಕೇಳಲಿಲ್ಲ. ಗೇಟು ತೆಗೆದು ಒಂದು ಕಾರನ್ನು ಒಳಬಿಟ್ಟು, ಕಾಲೆಳೆಯುತ್ತಾ ವಾಪಸ್ ಬಂದು ಕೂತರು.

"ಕ್ಲಾಸು ಎಷ್ಟನೇ ಮಾಳಿಗಿ ಮ್ಯಾಲೆ ನಡೀತಾವ್ರಿ?"