ಪೆನ್‌ಡ್ರೈವ್ ಖಾಲಿ ಕಂಡ ಮಾತ್ರಕ್ಕೆ ಫಾರ್ಮ್ಯಾಟ್ ಒತ್ತಬೇಡಿ

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳ ಬದಲು ಬರೀ ಶಾರ್ಟ್‌ಕಟ್‌ಗಳು. ‘ವೈರಸ್ ಎಲ್ಲ ತಿಂದುಹಾಕಿತು’ ಅಂತ ತಾವೇ ಫಾರ್ಮ್ಯಾಟ್ ಮಾಡಿ, ಮರುದಿನ ‘ಮದುವೆ ಫೋಟೊ ತೆಗೆದುಕೊಡಿ ಸಾರ್’ ಅಂತ ಬರುವವರಿಗೆ ಏನು ಹೇಳೋಣ! ತಿಂದದ್ದು ವೈರಸ್ ಅಲ್ಲ, ಫಾರ್ಮ್ಯಾಟ್.

ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. 32 ಜಿಬಿಯಲ್ಲಿ 11 ಜಿಬಿ ಬಳಕೆಯಾಗಿದೆ ಅಂತ ತೋರಿಸಿದರೆ ಫೈಲುಗಳು ಬಹುಪಾಲು ಒಳಗೇ ಇವೆ. ವೈರಸ್ ಅವಕ್ಕೆ ‘ಹಿಡನ್’, ‘ಸಿಸ್ಟಂ’ ಎಂಬ ಎರಡು ಗುರುತು ಹಾಕಿ ಕಣ್ಣಿಗೆ ಬೀಳದಂತೆ ಮಾಡಿರುತ್ತದೆ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿಗೆ ತುಂಬಿರುತ್ತವೆ. ಶಾರ್ಟ್‌ಕಟ್ಟಿನ ಪ್ರಾಪರ್ಟೀಸಿನಲ್ಲಿ ‘ಟಾರ್ಗೆಟ್’ ಸಾಲು ಓದಿದರೆ ಕಿತಾಪತಿ ತಿಳಿಯುತ್ತದೆ: ಮೊದಲು ವೈರಸ್ಸಿನ ಸ್ಕ್ರಿಪ್ಟ್ (ಆದೇಶಗಳ ಫೈಲ್) ಓಡಿಸು, ಆಮೇಲೆ ನಿಜವಾದ ಫೋಲ್ಡರ್ ತೆರೆ. ಫೋಲ್ಡರ್ ತೆರೆದುಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ಕಂಪ್ಯೂಟರ್ ಶುಚಿಯಾಗಬೇಕು. ಇಲ್ಲದಿದ್ದರೆ ತೊಳೆದ ಡ್ರೈವಿಗೆ ಕ್ಷಣದಲ್ಲಿ ಮತ್ತೆ ಅಂಟುತ್ತದೆ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಸ್ಕ್ರಿಪ್ಟ್ ಓಡಿಸುವ ‘ಡಬ್ಲ್ಯುಸ್ಕ್ರಿಪ್ಟ್’ (wscript.exe) ಓಡುತ್ತಿದ್ದರೆ ನಿಲ್ಲಿಸಿ, ತಾನಾಗಿ ಶುರುವಾಗುವ ಪ್ರೋಗ್ರಾಮ್‌ಗಳ ಸ್ಟಾರ್ಟಪ್ ಪಟ್ಟಿಯಲ್ಲೂ ಅದು ಇದೆಯೇ ನೋಡಿ, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹಿಡಿಯುತ್ತದೆ.

ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಡ್ರೈವಿನ ಅಕ್ಷರ, ಕೋಲನ್ (E: ಎಂಬಂತೆ) ಕೊಟ್ಟು ಎಂಟರ್ ಒತ್ತಿ. ನಂತರ ಅಟ್ರಿಬ್, ಮೈನಸ್ ಎಚ್, ಮೈನಸ್ ಎಸ್, ಮೈನಸ್ ಆರ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ, ಕೊನೆಗೆ ಸ್ಟಾರ್ ಡಾಟ್ ಸ್ಟಾರ್. ಪ್ರತಿಯೊಂದರ ನಡುವೆ ಒಂದು ಸ್ಪೇಸ್, ಅಂದರೆ attrib -h -s -r /s /d *.* ಎಂದು ಹೊಡೆದು ಎಂಟರ್ ಒತ್ತಿ. ವೈರಸ್ ಹಾಕಿದ ಗುರುತುಗಳನ್ನು ಇದು ತೆಗೆಯುತ್ತದೆ. ಇದರ ಬದಲು ಪ್ರಾಪರ್ಟೀಸಿನಲ್ಲಿ ‘ಹಿಡನ್’ ಟಿಕ್ ತೆಗೆಯಲು ಹೋದರೆ ಆ ಚೌಕ ಮಂಕಾಗಿ ಅಲುಗಾಡುವುದಿಲ್ಲ. ‘ಸಿಸ್ಟಂ’ ಗುರುತು ಇರುವವರೆಗೆ ಅದು ಹಾಗೇ. ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಫೋಲ್ಡರ್ ಕಂಡರೆ ಗಾಬರಿ ಬೇಡ, ಅದು ವಿಂಡೋಸಿನದೇ. ನಿಮ್ಮ ಫೋಟೊ, ಪಿಡಿಎಫ್, ವರ್ಡ್ ಫೈಲುಗಳನ್ನು ಬೇರೆಡೆ ನಕಲಿಸಿ. ಶಾರ್ಟ್‌ಕಟ್, ಸ್ಕ್ರಿಪ್ಟ್, ಇಎಕ್ಸ್‌ಇ ಫೈಲುಗಳನ್ನು ಮುಟ್ಟಬೇಡಿ. ನಕಲಿಸಿದ್ದನ್ನು ತೆರೆದು ನೋಡಿದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿ. ಹೆಸರಿನ ತುದಿಗೆ ಹೊಸ ಬಾಲ ಸೇರಿ ಫೈಲೇ ತೆರೆಯದಿದ್ದರೆ ಅದು ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಇರಬಹುದು, ಈ ಮದ್ದು ನಾಟುವುದಿಲ್ಲ.

ಡ್ರೈವ್ ಚುಚ್ಚಿದೊಡನೆ ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂದರೆ ಸಾಮಾನ್ಯವಾಗಿ ವೈರಸ್ ಕಾರಣವಲ್ಲ, ಬರೆಯುತ್ತಿರುವಾಗಲೇ ಕಿತ್ತದ್ದರಿಂದಲೋ ಚಿಪ್ ಸಾಯುತ್ತಿರುವುದರಿಂದಲೋ ಫೈಲ್ ಸಿಸ್ಟಂ (ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ) ಕೆಟ್ಟಿರುತ್ತದೆ. ಕ್ಯಾನ್ಸಲ್ ಒತ್ತಿ. ವಿಂಡೋಸಿನ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಕೂಡ ಆಗಲೇ ಬೇಡ. ಅದು ಡ್ರೈವಿನ ಮೇಲೇ ಬರೆದು, ತುಂಡಾದ ಫೈಲುಗಳನ್ನು ಹೆಸರಿಲ್ಲದ ಸಿಎಚ್‌ಕೆ ಫೈಲುಗಳಾಗಿ ಗುಡ್ಡೆ ಹಾಕಬಹುದು. ಮೊದಲು ಇಡೀ ಡ್ರೈವಿನ ಇಮೇಜ್ (ಯಥಾವತ್ ನಕಲು) ತೆಗೆದು, ಅದರ ಮೇಲೆ ಕಳೆದ ಫೈಲು ಹುಡುಕುವ ಟೆಸ್ಟ್‌ಡಿಸ್ಕ್ ಅಥವಾ ಫೋಟೊರೆಕ್ ತಂತ್ರಾಂಶ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸಿ.

ಫಾರ್ಮ್ಯಾಟ್ ಆಗಿಯೇ ಹೋಗಿದ್ದರೆ? ಫೈಲುಗಳ ಪಟ್ಟಿಯನ್ನಷ್ಟೇ ಅಳಿಸುವ ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೆ ಒಂದು ಫೈಲನ್ನೂ ಹೊಸದಾಗಿ ಹಾಕದೆ ತನ್ನಿ, ಬಹಳಷ್ಟು ಸಿಗುವ ಸಾಧ್ಯತೆ ಇದೆ. ಕ್ವಿಕ್ ಟಿಕ್ ತೆಗೆದು ಮಾಡಿದ್ದರೆ, ವಿಸ್ತಾದಿಂದೀಚಿನ ವಿಂಡೋಸ್ ಡ್ರೈವಿನ ತುಂಬ ಸೊನ್ನೆ ಬರೆದಿರುತ್ತದೆ. ಆಗ ಯಾವ ಅಂಗಡಿಗೂ ದುಡ್ಡು ಸುರಿಯಬೇಡಿ.