ಹುಷಾರಾಗಿ ಕಾಯಿಸಿದರೆ ಸಾಲದೇ? ಶಾಲೆಯ ಲ್ಯಾಬಿನ ಸ್ಪಿರಿಟಿನ ಬಗ್ಗೆ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವ ಪ್ರಯೋಗದಲ್ಲಿ ಹಸಿರು ಬಣ್ಣ ಬಿಡಿಸಲು ಎಲೆಯನ್ನು ಸ್ಪಿರಿಟಿನಲ್ಲಿ ಕುದಿಸಬೇಕು. ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕುದಿಸಬೇಕು ಎನ್ನುತ್ತಾರೆ. ಅದಕ್ಕೆ ತುಂಬ ಹೊತ್ತು ಬೇಕು, ಒಂದು ಪಿರಿಯಡ್ ಸಾಲುವುದಿಲ್ಲ. ಸ್ವಲ್ಪವೇ ಸ್ಪಿರಿಟ್ ತಗೊಂಡು, ಸಣ್ಣ ಉರಿಯಲ್ಲಿ, ನಾನೇ ಹತ್ತಿರ ನಿಂತು ನೇರವಾಗಿ ಕಾಯಿಸಿದರೆ ಆಗದೇ? ಹುಷಾರಾಗಿದ್ದರೆ ಸಾಲದೇ?

ಉತ್ತರ: ಸಾಲದು, ಟೀಚರ್. ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಮಂಜೇಶ್ವರದಿಂದ ಹೊಸದುರ್ಗದ ತನಕ ಲ್ಯಾಬ್ ನೋಡಿಕೊಳ್ಳುವವರು ಬೇರೆ ಬೇರೆ ರೀತಿಯಲ್ಲಿ ಇದನ್ನೇ ಕೇಳುತ್ತಾರೆ. ಪಿರಿಯಡ್ 40–45 ನಿಮಿಷದ್ದು, ಮಕ್ಕಳು ಮೂವತ್ತು ನಲವತ್ತು ಜನ, ಅವಸರ ಆಗುವುದು ಸಹಜ. ಆದರೂ ನೇರ ಉರಿಯ ಮೇಲೆ ಸ್ಪಿರಿಟ್ ಇಡಲೇಬೇಡಿ. ಸ್ವಲ್ಪವೇ ಆದರೂ ಬೇಡ. ನೀವು ಪಕ್ಕದಲ್ಲೇ ನಿಂತಿದ್ದರೂ ಬೇಡ. ನಿಮ್ಮ ಕಣ್ಣು ಕಾಯುತ್ತಿರುವುದು ಬೀಕರಿನೊಳಗಿನ ದ್ರವವನ್ನು. ಬೆಂಕಿ ಹತ್ತುವುದು ದ್ರವಕ್ಕಲ್ಲ, ಅದರಿಂದ ಏಳುವ ಆವಿಗೆ. ಆವಿ ಕಾಣುವುದಿಲ್ಲ. ಕಾಣದ್ದನ್ನು ಎಷ್ಟು ಹುಷಾರಾಗಿ ಕಾದರೂ ಅಷ್ಟೇ.

ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ದ್ರವದ ಮೇಲೆ ಸೇರಲು ಇಂತಿಷ್ಟು ಬಿಸಿ ಬೇಕು ಎಂಬ ಒಂದು ಲೆಕ್ಕ ಇದೆ. ಅದನ್ನು ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಲ್ಯಾಬಿನ ಸ್ಪಿರಿಟ್ ಎಂದರೆ ಮುಖ್ಯವಾಗಿ ಎಥನಾಲ್ ಎಂಬ ಆಲ್ಕೋಹಾಲ್. ಶುದ್ಧ ಎಥನಾಲಿಗೆ ಅದು ಸುಮಾರು 13 ಡಿಗ್ರಿ ಸೆಲ್ಸಿಯಸ್. ಅದರ ಜಾತಿಯವೇ ಆದ ಮೆಥನಾಲಿಗೆ 11, ಐಸೋಪ್ರೊಪೈಲ್ ಆಲ್ಕೋಹಾಲಿಗೆ 12ರ ಆಸುಪಾಸು. ನಮ್ಮ ಕರಾವಳಿಯಲ್ಲಿ ಧನು ಪೂಜೆಗೆ ನಸುಕಿನಲ್ಲಿ ದೇವಸ್ಥಾನಕ್ಕೆ ಹೋಗುವಾಗಿನ ಚಳಿಯೂ ಅಷ್ಟು ಕೆಳಗೆ ಇಳಿಯುವುದಿಲ್ಲ. ಅಂದರೆ ಕಾಸರಗೋಡಿನ ಯಾವ ಲ್ಯಾಬಿನಲ್ಲೂ, ವರ್ಷದ ಯಾವ ದಿನವೂ, ತೆರೆದಿಟ್ಟ ಸ್ಪಿರಿಟ್ ಹತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ. ಕಾಯಿಸಬೇಕೆಂದೇನೂ ಇಲ್ಲ. ಕಾಯಿಸಿದರೆ ಆವಿ ಇನ್ನೂ ಜಾಸ್ತಿ ಏಳುತ್ತದೆ, ಅಷ್ಟೇ.

ನೀರು ಬೆರೆಸಿದ್ದೇವಲ್ಲ ಎಂದು ಕೆಲವರು ಧೈರ್ಯ ಮಾಡುತ್ತಾರೆ. ನೂರಕ್ಕೆ 70 ಭಾಗ ಎಥನಾಲ್ ಇದ್ದರೆ ಈ ಲೆಕ್ಕ 20 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬರೀ 30 ಭಾಗ ಇದ್ದರೂ ಸುಮಾರು 29 ಡಿಗ್ರಿ. ಮಾರ್ಚ್ ತಿಂಗಳ ಮಧ್ಯಾಹ್ನ ನಿಮ್ಮ ಲ್ಯಾಬಿನೊಳಗೆ ಎಷ್ಟು ಸೆಕೆ ಇರುತ್ತದೆ ಎಂದು ನೆನಪಿಸಿಕೊಳ್ಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಈ ಲೆಕ್ಕದಿಂದ ಹೊರಗಿಲ್ಲ. ಅದನ್ನು ಹಚ್ಚಿಕೊಂಡ ಕೈ ಪೂರ್ತಿ ಒಣಗುವ ಮೊದಲು ಬೆಂಕಿಕಡ್ಡಿ ಗೀರಿದರೆ ಕೈಗೇ ಬೆಂಕಿ ಹತ್ತಬಹುದು.

ಇನ್ನೊಂದು ವಿಷಯ. ಈ ಆವಿ ಗಾಳಿಗಿಂತ ಭಾರ. ಎಥನಾಲಿನ ಆವಿ ಗಾಳಿಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಐಸೋಪ್ರೊಪೈಲಿನದು ಎರಡು ಪಟ್ಟು. ಹಾಗಾಗಿ ಮೇಲೆ ಹೋಗಿ ಚದುರುವ ಬದಲು ಮೇಜಿನ ಮೇಲೆ ಹರಡಿ, ಅಂಚಿನಿಂದ ಇಳಿದು, ಸಿಂಕಿನೊಳಗೆ, ತೆರೆದ ಡ್ರಾವರಿನೊಳಗೆ ಕೂತುಬಿಡುತ್ತದೆ. ಒಳಕೋಣೆಯಲ್ಲಿ ಹಲಸಿನ ಹಣ್ಣು ಬಿಡಿಸಿದರೆ ಚಾವಡಿಯಲ್ಲಿ ಕೂತವರಿಗೆ ಗೊತ್ತಾಗುತ್ತದಲ್ಲ, ಹಾಗೆ ಇದೂ ಯಾರ ಕಣ್ಣಿಗೂ ಬೀಳದೆ ದೂರ ಹೋಗುತ್ತದೆ. ಮೇಜಿನ ಆ ತುದಿಯಲ್ಲಿ ದೀಪ ಉರಿಯುತ್ತಿದ್ದರೆ ಅಲ್ಲಿ ಹತ್ತಿ, ಬಂದ ದಾರಿಯಲ್ಲೇ ಬೆಂಕಿ ವಾಪಸ್ ಓಡಿ ಬಾಟಲಿಯ ಬಾಯಿಗೆ ಬರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಈ ಅಪಾಯ ಜಾಸ್ತಿ. ಆಟಿಯ ಮಳೆಗೆ ಎರಚಲು ಬರುತ್ತದೆ ಎಂದು ಕಿಟಕಿಗಳನ್ನೆಲ್ಲ ಮುಚ್ಚಿರುತ್ತೇವೆ. ಅಂಥ ದಿನ ಈ ಪ್ರಯೋಗ ಮಾಡಲೇಬೇಡಿ. ಬಿಸಿಲು ಬಂದಾಗ ಮಾಡಿದರಾಯಿತು. ಎಲೆಯಲ್ಲಿ ಪಿಷ್ಟ ಸರಿಯಾಗಿ ಸಿಗಬೇಕಾದರೂ ಬಿಸಿಲು ಬೇಕೇ ಬೇಕು.

ಬಾಟಲಿಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ದೊಡ್ಡ ಅವಘಡಗಳು ನಡೆಯುವುದು ಅಲ್ಲೇ. ಗಾಳಿಯಲ್ಲಿ ಎಥನಾಲಿನ ಆವಿ ನೂರಕ್ಕೆ 3.3 ಭಾಗಕ್ಕಿಂತ ಕಡಿಮೆ ಇದ್ದರೆ ಹತ್ತುವುದಿಲ್ಲ. 19 ಭಾಗಕ್ಕಿಂತ ಜಾಸ್ತಿ ಇದ್ದರೂ ಹತ್ತುವುದಿಲ್ಲ, ಆಗ ಗಾಳಿ ಸಾಲದು. 30 ಡಿಗ್ರಿ ಸೆಕೆಯಲ್ಲಿ ಅರ್ಧ ಖಾಲಿಯಾದ, ಮುಚ್ಚಿಟ್ಟ ಎಥನಾಲ್ ಬಾಟಲಿಯೊಳಗೆ ಆವಿ ಎಷ್ಟಿರುತ್ತದೆ ಗೊತ್ತೇ? ಸುಮಾರು 10 ಭಾಗ. ಸರಿಯಾಗಿ ನಡುವೆ. ಪೆಟ್ರೋಲ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ತೀರಾ ಜಾಸ್ತಿಯಾಗಿ ಗಾಳಿ ಸಾಲದೆ ಇರುತ್ತದೆ. ಸ್ಪಿರಿಟ್ ಬಾಟಲಿ ಹಾಗಲ್ಲ, ಅದರೊಳಗೆ ಎರಡೂ ಸಿಡಿಯುವ ಹದದಲ್ಲಿ ಬೆರೆತಿರುತ್ತವೆ. ಮೆಥನಾಲಿನದೂ ಅದೇ ಕಥೆ. 2014ರಲ್ಲಿ ಅಮೆರಿಕದ ಡೆನ್ವರಿನ ಶಾಲೆಯೊಂದರಲ್ಲಿ ಶಿಕ್ಷಕರು ಮಕ್ಕಳಿಗೆ ಬೆಂಕಿಯ ಪ್ರಯೋಗ ತೋರಿಸುತ್ತಿದ್ದರು. ಉರಿ ಸಣ್ಣದಾಯಿತೆಂದು 4 ಲೀಟರಿನ ಬಾಟಲಿಯಿಂದಲೇ ಮೆಥನಾಲ್ ಹಾಕಲು ಹೋದರು. ಬಾಟಲಿಯ ಬಾಯಿಂದ ಬೆಂಕಿ 12 ಅಡಿ ದೂರ ಚಿಮ್ಮಿತು. ಎದುರು ಕೂತಿದ್ದ ಹುಡುಗನೊಬ್ಬ ಸುಟ್ಟುಕೊಂಡ. ಅದೇ ವರ್ಷದ ಆರಂಭದಲ್ಲಿ ನ್ಯೂಯಾರ್ಕಿನ ಒಂದು ಶಾಲೆಯಲ್ಲೂ ಮೆಥನಾಲಿನಿಂದ ಇಂಥದ್ದೇ ಅವಘಡ ಆಗಿತ್ತು. ಆ ಶಿಕ್ಷಕರು ಪಕ್ಕದಲ್ಲೇ ನಿಂತಿದ್ದರು ಎಂಬುದನ್ನು ಗಮನಿಸಿ.

ಆದ್ದರಿಂದ ದೊಡ್ಡ ಬಾಟಲಿ ಕ್ಲಾಸಿಗೆ ಬರಲೇಬಾರದು. ಸ್ಟೋರಿನಲ್ಲೇ, ಬೆಂಕಿ ಇಲ್ಲದ ಕಡೆ, ಅವತ್ತಿಗೆ ಬೇಕಾದಷ್ಟನ್ನು ಮಾತ್ರ ಸಣ್ಣ ಬಾಟಲಿಗೆ ಹಾಕಿಕೊಳ್ಳಿ. ಎರಡರ ಮುಚ್ಚಳವನ್ನೂ ಬಿಗಿ ಮಾಡಿ. ಸಣ್ಣ ಬಾಟಲಿಗೂ ಹೆಸರು ಬರೆದು ಅಂಟಿಸಿ. ಲ್ಯಾಬ್ ಅಸಿಸ್ಟೆಂಟ್ ಮಲಯಾಳಿಯಾಗಿದ್ದರೆ ಕನ್ನಡದ ಜೊತೆ ಮಲಯಾಳದಲ್ಲೂ ಬರೆದಿಡಿ. ನೀರಿನ ಬಾಟಲಿ, ಜ್ಯೂಸಿನ ಬಾಟಲಿಗಳಿಗೆ ಸ್ಪಿರಿಟ್ ಹಾಕಬೇಡಿ. ಬಾಯಾರಿದ ಮಗು ಲೇಬಲ್ ಓದುವುದಿಲ್ಲ.

ಈಗ ನಿಮ್ಮ ಸಮಯದ ಕಷ್ಟಕ್ಕೆ ಬರೋಣ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಕುದಿದ ನೀರು ಒಲೆಯಿಂದ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಅಂದರೆ ಸ್ಪಿರಿಟ್ ಕುದಿಸಲು ಕ್ಲಾಸಿನೊಳಗೆ ಬೆಂಕಿಯೇ ಬೇಡ! ಹೊತ್ತು ಹಿಡಿಯುವುದು ತಣ್ಣೀರನ್ನು ಸ್ಪಿರಿಟ್ ಲ್ಯಾಂಪಿನ ಮೇಲಿಟ್ಟು ಕುದಿ ಬರಿಸಲು. ಆ ಕೆಲಸವನ್ನು ಮೊದಲೇ ಬೇರೆ ಕಡೆ ಮುಗಿಸಿ. ಮಕ್ಕಳ ಮಧ್ಯಾಹ್ನದ ಊಟದ ಅಡುಗೆಕೋಣೆಯಲ್ಲಿ ದಿನಾ ನೀರು ಕುದಿಯುತ್ತದೆ, ಅಲ್ವಾ? ಅಲ್ಲಿಂದ ಎರಡು ಫ್ಲಾಸ್ಕ್ ತುಂಬ ಕುದಿನೀರು ತರಿಸಿ.

ದಾಸವಾಳದ ಎಲೆ ಈ ಪ್ರಯೋಗಕ್ಕೆ ಒಳ್ಳೆಯದು, ತೆಳ್ಳಗಿದೆ, ಎಲ್ಲರ ಅಂಗಳದಲ್ಲೂ ಸಿಗುತ್ತದೆ. ಮಾವು, ಹಲಸಿನ ಎಲೆ ದಪ್ಪ, ಬಣ್ಣ ಬಿಡಲು ತಡ. ಮೊದಲು ಎಲೆಯನ್ನು ಒಂದೆರಡು ನಿಮಿಷ ಕುದಿನೀರಿನಲ್ಲಿ ಮುಳುಗಿಸಿ, ಅದು ಬಾಡಿ ಮೆತ್ತಗಾಗಲಿ. ಇಡೀ ಎಲೆಯೇ ಬೇಕೆಂದಿಲ್ಲ, ರೂಪಾಯಿ ನಾಣ್ಯದಷ್ಟು ತುಂಡು ಸಾಕು. ಅದನ್ನು ಮಡಚಿ ಟೆಸ್ಟ್ ಟ್ಯೂಬಿಗೆ ಹಾಕಿ, ಮುಳುಗುವಷ್ಟು ಮಾತ್ರ ಸ್ಪಿರಿಟ್ ಹಾಕಿ. ಐದಾರು ಮಿ.ಲೀ. ಸಾಕಾಗುತ್ತದೆ. ಟ್ಯೂಬಿನ ಬಾಯಿ ಮುಚ್ಚಬೇಡಿ, ಮಕ್ಕಳ ಮುಖದ ಕಡೆ ತಿರುಗಿಸಲೂ ಬೇಡಿ. ಫ್ಲಾಸ್ಕಿನ ನೀರನ್ನು ಬೀಕರಿಗೆ ಸುರಿದು ಟ್ಯೂಬನ್ನು ಅದರಲ್ಲಿ ನಿಲ್ಲಿಸಿ. ಸ್ವಲ್ಪದರಲ್ಲೇ ಎಲೆಯ ಅಂಚಿನಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಸ್ಪಿರಿಟ್ ತಿಳಿಹಸಿರಾಗುತ್ತದೆ, ಆಮೇಲೆ ಗಾಢವಾಗುತ್ತದೆ. ಗುಳ್ಳೆ ನಿಂತರೆ ನೀರು ಬದಲಿಸಿ. ಎಲೆ ಬೆಳ್ಳಗಾದ ಮೇಲೆ ತೆಗೆದರೆ ಗರಿಗರಿಯಾಗಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಆಗ ಅಯೋಡಿನ್ ಹನಿ ಹಾಕಿ. ಆರು ಗುಂಪು ಮಾಡಿದರೂ ಇಡೀ ಕ್ಲಾಸಿಗೆ 40 ಮಿ.ಲೀ. ಸ್ಪಿರಿಟ್ ದಾಟುವುದಿಲ್ಲ. ಉಳಿದ ಹಸಿರು ಸ್ಪಿರಿಟನ್ನು ಸಿಂಕಿಗೆ ಚೆಲ್ಲಬೇಡಿ, ಆವಿ ಪೈಪಿನೊಳಗೆ ಕೂರುತ್ತದೆ. ಹೆಸರು ಬರೆದ ಬಾಟಲಿಗೆ ತುಂಬಿಡಿ, ಮುಂದಿನ ಬ್ಯಾಚಿಗೆ ಬರುತ್ತದೆ.

ಸುರುಳಿ ಕೆಂಪಗೆ ಕಾಯುವ ವಿದ್ಯುತ್ ಒಲೆ ಇದೆ, ಅದರಲ್ಲಿ ಉರಿ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಕೆಂಪಗೆ ಕಾದ ತಂತಿಯೂ ಈ ಆವಿಯ ಪಾಲಿಗೆ ಉರಿಯೇ.

ಸ್ಪಿರಿಟ್ ಲ್ಯಾಂಪ್ ಬಳಸುವಾಗ ಒಂದು ಕೆಟ್ಟ ಅಭ್ಯಾಸ ಎಲ್ಲ ಕಡೆ ನೋಡುತ್ತೇನೆ. ದೀಪ ಸಣ್ಣದಾದ ಕೂಡಲೇ ಬಿಸಿ ಲ್ಯಾಂಪಿಗೇ ಸ್ಪಿರಿಟ್ ಸುರಿಯುವುದು. ಡೆನ್ವರಿನಲ್ಲಿ ನಡೆದದ್ದು ಇದಕ್ಕಿಂತ ಬೇರೆಯಲ್ಲ. ದೀಪ ಆರಿಸಿ, ಗಾಜು ಪೂರ್ತಿ ತಣಿದ ಮೇಲೆ, ಬೇರೆ ಜಾಗದಲ್ಲಿ, ಫನೆಲ್ ಇಟ್ಟು ತುಂಬಿಸಿ. ಮುಕ್ಕಾಲು ಭಾಗ ದಾಟಬಾರದು. ತಳ ಕಾಣುವ ತನಕ ಉರಿಸಲೂಬಾರದು, ಖಾಲಿ ಜಾಗ ಹೆಚ್ಚಾದಷ್ಟು ಒಳಗೆ ಆ ಸಿಡಿಯುವ ಮಿಶ್ರಣ ಹೆಚ್ಚುತ್ತದೆ. ಬತ್ತಿ ಸಡಿಲವಾಗಿದ್ದರೆ ಉರಿ ಒಳಗೆ ಇಳಿಯಬಹುದು, ಆದ್ದರಿಂದ ಬತ್ತಿ ಕೊಳವೆಗೆ ಬಿಗಿಯಾಗಿರಲಿ. ಒಂದು ಲ್ಯಾಂಪನ್ನು ಓರೆ ಮಾಡಿ ಇನ್ನೊಂದರಿಂದ ಹಚ್ಚಬೇಡಿ. ಊದಿ ಆರಿಸಬೇಡಿ, ಮುಚ್ಚಳ ಹಾಕಿ.

ಇಷ್ಟೆಲ್ಲ ಆದ ಮೇಲೂ ಬೆಂಕಿ ಹತ್ತಿದರೆ? ಬೀಕರಿನಲ್ಲೋ ಟ್ಯೂಬಿನಲ್ಲೋ ಹತ್ತಿದ್ದರೆ ಎತ್ತಿಕೊಂಡು ಓಡಬೇಡಿ, ಅಲ್ಲೇ ಮುಚ್ಚಿ. ಗಾಳಿ ಸಿಗದಿದ್ದರೆ ಆರುತ್ತದೆ. ಒದ್ದೆ ಗೋಣಿಯೋ ದಪ್ಪ ಹತ್ತಿಬಟ್ಟೆಯೋ ಮೇಜಿನ ಹತ್ತಿರವೇ ಇರಲಿ. ಸ್ಪಿರಿಟಿನ ಉರಿ ತಿಳಿನೀಲಿ. ಮೆಥನಾಲಿನದಂತೂ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ ಎನ್ನಬಹುದು. ಆರಿದೆ ಎಂದು ಕೈ ಹಾಕುವ ಮೊದಲು ಬಿಸಿ ಬರುತ್ತಿದೆಯೇ ಎಂದು ದೂರದಿಂದ ನೋಡಿ. ಆರಿಸುವ ಸಿಲಿಂಡರಿನಲ್ಲಿ ಒಣ ಪುಡಿಯದು ಅಥವಾ ಕಾರ್ಬನ್ ಡೈಆಕ್ಸೈಡಿನದು ಆಗುತ್ತದೆ. ಸಾಮಾನ್ಯ ನೊರೆಯದು ಬೇಡ, ನೊರೆಯ ನೀರನ್ನು ಆಲ್ಕೋಹಾಲ್ ಹೀರಿಕೊಂಡು ನೊರೆಯೇ ಒಡೆದುಹೋಗುತ್ತದೆ. ಬಟ್ಟೆಗೆ ಹತ್ತಿದರೆ ಮಗು ಓಡದಂತೆ ಹಿಡಿದು, ನೆಲದ ಮೇಲೆ ಮಲಗಿಸಿ, ಉರುಳಿಸಿ, ಒದ್ದೆ ಬಟ್ಟೆ ಹೊದೆಸಿ. ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿ ನೀರು ಬಿಡಿ. ಪೇಸ್ಟ್, ಬೆಣ್ಣೆ ಏನೂ ಬೇಡ.

ಯಾವ ಸ್ಪಿರಿಟ್ ಎಂದು ನೀವು ಕೇಳಲಿಲ್ಲ, ಆದರೆ ಇದನ್ನು ಹೇಳದೆ ಬಿಡಲಾರೆ. ಎಥನಾಲಿಗೆ ಅಬಕಾರಿ ಇಲಾಖೆಯ ಕಾಗದಪತ್ರದ ತಾಪತ್ರಯ ಇದೆ. ಹಾಗಾಗಿ ಮೆಥನಾಲ್ ತಂದರೆ ಆಗದೇ ಎಂಬ ಯೋಚನೆ ಬರುತ್ತದೆ. ನೋಡಲು ಎರಡೂ ಒಂದೇ, ನೀರಿನ ಹಾಗೆ. ಮೆಥನಾಲ್ ಮಾತ್ರ ವಿಷ. ದೇಹದೊಳಗೆ ಅದು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲ ಆಗಿ ಕಣ್ಣಿನ ನರವನ್ನೇ ಹಾಳು ಮಾಡುತ್ತದೆ. ಚರ್ಮದಿಂದಲೂ, ಉಸಿರಿನಿಂದಲೂ ಒಳಗೆ ಹೋಗುತ್ತದೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನರನ್ನು ಕೊಂದದ್ದು ಕಳ್ಳಸಾರಾಯಿಗೆ ಬೆರೆಸಿದ್ದ ಈ ಮೆಥನಾಲೇ. ಹೈಸ್ಕೂಲಿನ ಲ್ಯಾಬಿಗೆ ಅದು ಬೇಡವೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಿನೇಚರ್ಡ್ ಸ್ಪಿರಿಟ್ ಎಂದರೆ ಕುಡಿಯಲಾಗದಂತೆ ಏನನ್ನಾದರೂ ಬೆರೆಸಿದ ಎಥನಾಲ್. ಬೆರೆಸಿದ್ದರಲ್ಲಿ ಮೆಥನಾಲೂ ಇರಬಹುದು. ಕಿಟಕಿ ತೆರೆದೇ ಬಳಸಿ. ಯಾರಾದರೂ ಕುಡಿದರೆ ಆರಾಮಾಗಿದ್ದಾರೆ ಎಂದು ಕಾಯಬೇಡಿ, ಮೆಥನಾಲಿನ ನಿಜವಾದ ತೊಂದರೆ ಕಾಣಿಸಲು 12ರಿಂದ 24 ಗಂಟೆ ಹಿಡಿಯಬಹುದು. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ಕೊಂಡುಹೋಗಿ. ಸರಿಯಾದ ಹೊತ್ತಿಗೆ ತಲುಪಿದರೆ ಇದಕ್ಕೆ ಮದ್ದು ಇದೆ.

ಇಡುವ ಜಾಗದ ಬಗ್ಗೆ ಎರಡು ಮಾತು. ನೈಟ್ರಿಕ್ ಆಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್ ಇರುವ ಕಪಾಟಿನಲ್ಲಿ ಸ್ಪಿರಿಟ್ ಇಡಬೇಡಿ. ಕೆಲವು ಕಡೆ ಬಳಸಿದ ದ್ರವಗಳನ್ನೆಲ್ಲ ಒಂದೇ ಬಾಟಲಿಗೆ ಸುರಿಯುತ್ತಾರೆ. ನೈಟ್ರಿಕ್ ಆಮ್ಲದ ಜೊತೆ ಆಲ್ಕೋಹಾಲ್ ಸೇರಿದರೆ ಅನಿಲ ಎದ್ದು ಮುಚ್ಚಿದ ಬಾಟಲಿ ಸಿಡಿಯುತ್ತದೆ, ಅದೂ ಎಲ್ಲರೂ ಮನೆಗೆ ಹೋದ ಮೇಲೆ ಆಗಬಹುದು. ನೆಲ ಒರೆಸಲು ಬ್ಲೀಚಿಂಗ್ ಪೌಡರ್ ಹಾಕುವಾಗಲೂ ಅಲ್ಲಿ ಸ್ಪಿರಿಟ್ ಚೆಲ್ಲಿರದಂತೆ ನೋಡಿ, ಎರಡೂ ಸೇರಿದರೆ ಕ್ಲೋರೋಫಾರ್ಮಿನಂಥ ಕೆಟ್ಟ ಆವಿ ಏಳುತ್ತದೆ.

ಪ್ಲಸ್ ಟು ಇರುವ ಶಾಲೆಗಳಲ್ಲಿ ಡಿಎನ್‌ಎ ತೆಗೆಯುವ ಪ್ರಯೋಗಕ್ಕೆ ತಣ್ಣನೆಯ ಎಥನಾಲ್ ಬೇಕೆಂದು ಮನೆಯಲ್ಲಿ ಬಳಸುವಂಥ ಫ್ರಿಜ್ಜಿನಲ್ಲೇ ಬಾಟಲಿ ಇಡುತ್ತಾರೆ. ಫ್ರಿಜ್ ತಣ್ಣಗಿರುವ ತನಕ ಆವಿ ಕಡಿಮೆಯೇ. ಆದರೆ ನಮ್ಮಲ್ಲಿ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಬರಲು ದಿನ ಹಿಡಿಯುವುದೂ ಉಂಟು. ಫ್ರಿಜ್ ಬಿಸಿಯಾಗಿ, ಸಡಿಲ ಮುಚ್ಚಳದಿಂದ ಆವಿ ಹೊರಬಂದು ಒಳಗೆಲ್ಲ ತುಂಬುತ್ತದೆ. ಕರೆಂಟ್ ಬಂದ ಮೇಲೆ ಥರ್ಮೋಸ್ಟಾಟ್, ಅಂದರೆ ತಂಪನ್ನು ನೋಡಿಕೊಳ್ಳುವ ಸ್ವಿಚ್, ಯಾವಾಗಲಾದರೂ ಟಕ್ ಎನ್ನುತ್ತದೆ, ಅದರೊಳಗೆ ಸಣ್ಣ ಕಿಡಿ. ಅಷ್ಟು ಸಾಕು, ಬಾಗಿಲು ಹಾರಿಹೋಗಲು. ಪ್ರಯೋಗದ ದಿನ ಸಣ್ಣ ಟ್ಯೂಬಿನಲ್ಲಿ ಹತ್ತು ಮಿ.ಲೀ. ತಗೊಂಡು ಐಸ್ ತುಂಬಿದ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಬೇಕಾದಷ್ಟು ತಣ್ಣಗಾಗುತ್ತದೆ.