ಇಳಿವಯಸ್ಸಿನ ಮಧುಮೇಹ: ಸಕ್ಕರೆ ಇಳಿಸುವ ಭರದಲ್ಲಿ ಸ್ನಾಯು ಕರಗದಿರಲಿ

ಎಪ್ಪತ್ತೈದು ದಾಟಿದವರ ರಕ್ತಪರೀಕ್ಷೆಯಲ್ಲಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾ ಅಂಕಿಯಲ್ಲಿ ತೋರಿಸುವ ಎಚ್‌ಬಿಎ1ಸಿ 7.6 ಎಂದು ಬಂತೆನ್ನಿ. ಬಹಳ ಮನೆಗಳಲ್ಲಿ ಮರುದಿನದಿಂದಲೇ ಊಟಕ್ಕೆ ಕತ್ತರಿ ಬೀಳುತ್ತದೆ. ಅನ್ನ ಅರ್ಧ, ಹಣ್ಣು ಬಂದ್, ರಾತ್ರಿಗೆ ಬರೀ ಸೂಪು. ಮೂರು ತಿಂಗಳಲ್ಲಿ ಅಂಕಿ 6.8ಕ್ಕೆ ಇಳಿದು ಎಲ್ಲರಿಗೂ ಸಮಾಧಾನವಾಗುತ್ತದೆ. ಅಷ್ಟರಲ್ಲಿ ಅವರ ತೂಕ ನಾಲ್ಕು ಕಿಲೋ ಕಡಿಮೆಯಾಗಿದೆ, ಕುರ್ಚಿಯಿಂದ ಏಳಲು ಕೈಯೂರಬೇಕಾಗಿದೆ, ಬಚ್ಚಲಲ್ಲಿ ಒಂದೆರಡು ಸಲ ತಲೆ ಸುತ್ತಿದೆ. ಇದನ್ನೆಲ್ಲ ಯಾರೂ ಆ ಅಂಕಿಯ ಪಕ್ಕದಲ್ಲಿಟ್ಟು ನೋಡುವುದಿಲ್ಲ. ‘ವಯಸ್ಸಾಯ್ತಲ್ಲ’ ಎಂದು ಬಿಟ್ಟುಬಿಡುತ್ತಾರೆ.

ನಲವತ್ತರ ಮಧುಮೇಹಕ್ಕೂ ಎಪ್ಪತ್ತೈದರ ಮಧುಮೇಹಕ್ಕೂ ಗುರಿ ಒಂದೇ ಅಲ್ಲ. ಅಕಾರ್ಡ್ ಎಂಬ ದೊಡ್ಡ ಪ್ರಯೋಗದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 10,251 ಮಧುಮೇಹಿಗಳಿದ್ದರು. ಅವರ ಸರಾಸರಿ ವಯಸ್ಸು 62. ಒಂದು ಗುಂಪಿನವರ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಔಷಧಗಳನ್ನು ಬಿಗಿಯಾಗಿ ಕೊಡಲಾಯಿತು. ಆ ಗುಂಪಿನಲ್ಲೇ ಸಾವು ಹೆಚ್ಚು ಕಂಡದ್ದರಿಂದ 2008ರಲ್ಲಿ ಆ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಗಿನ ಮಾರ್ಗಸೂಚಿಗಳಲ್ಲಿ ಹಿರಿಯರ ಗುರಿ ಅವರವರ ಆರೋಗ್ಯಕ್ಕೆ ತಕ್ಕಂತೆ ಸಡಿಲವಾಗಿದೆ. ಗಟ್ಟಿಮುಟ್ಟಾಗಿ ಓಡಾಡುತ್ತ, ಮರೆವಿನ ತೊಂದರೆಯಿಲ್ಲದೆ ಇರುವವರಿಗೆ 7ರಿಂದ 7.5ರೊಳಗೆ. ಹಲವು ಕಾಯಿಲೆಗಳ ಜತೆ ಬಾಳುತ್ತಿರುವವರಿಗೆ, ನಿತ್ಯದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾದವರಿಗೆ 8ರೊಳಗೆ ಇದ್ದರೆ ಸಾಕು. ತೀರ ಹಾಸಿಗೆ ಹಿಡಿದವರಲ್ಲಿ ಈ ಅಂಕಿಯ ಹಿಂದೆ ಬೀಳುವುದೇ ಇಲ್ಲ; ಸಕ್ಕರೆ ಕುಸಿಯದಂತೆ, ವಿಪರೀತ ಬಾಯಾರಿಕೆ ಮತ್ತು ಮೂತ್ರದ ಕಾಟ ಬರದಂತೆ ನೋಡಿಕೊಂಡರೆ ಆಯಿತು. ರಕ್ತಹೀನತೆಯಿದ್ದರೆ, ಮೂತ್ರಪಿಂಡ ಸೋತಿದ್ದರೆ, ಇತ್ತೀಚೆಗೆ ರಕ್ತ ಕೊಡಿಸಿಕೊಂಡಿದ್ದರೆ ಎಚ್‌ಬಿಎ1ಸಿಯೇ ದಾರಿ ತಪ್ಪಿಸಬಹುದು ಎಂಬುದೂ ನೆನಪಿರಲಿ.

ಗುರಿ ಸಡಿಲಿಸಲು ಮುಖ್ಯ ಕಾರಣ ಸಕ್ಕರೆ ಕುಸಿತ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಅದು ಕುಸಿತ, 54ಕ್ಕಿಂತ ಕೆಳಗಾದರೆ ಗಂಭೀರ. ಕಿರಿಯರಿಗೆ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೂಡಲೇ ಗೊತ್ತಾಗುತ್ತದೆ. ಹಿರಿಯರಲ್ಲಿ ಈ ಎಚ್ಚರಿಕೆಯ ಗಂಟೆ ಮಂಕಾಗಿರುತ್ತದೆ. ಮಾತು ತೊದಲುವುದು, ಇದ್ದಕ್ಕಿದ್ದಂತೆ ಸಿಡುಕುವುದು, ತೂರಾಡುವುದು, ಗೊತ್ತಿದ್ದವರ ಹೆಸರು ತಪ್ಪುವುದು ಮೊದಲು ಕಾಣುತ್ತವೆ. ನೋಡಿದವರು ಅರಳುಮರಳು ಎಂದುಕೊಳ್ಳುತ್ತಾರೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲಿ ನಡುಕ, ಎದೆಬಡಿತ ಇನ್ನಷ್ಟು ಅಡಗುತ್ತವೆ, ಬೆವರು ಮಾತ್ರ ಸುಳಿವು ಕೊಡುತ್ತದೆ.

ಅನುಮಾನ ಬಂದಾಗ 15 ಗ್ರಾಂ ಸಕ್ಕರೆ ಕೊಟ್ಟು 15 ನಿಮಿಷ ಕಾದು ಮತ್ತೆ ಪರೀಕ್ಷಿಸುವುದು ಕ್ರಮ. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬಹುದು, ಇಲ್ಲವೇ 120ರಿಂದ 150 ಮಿಲಿಲೀಟರ್ ಹಣ್ಣಿನ ರಸ. ಇನ್ನೂ 70 ಮುಟ್ಟದಿದ್ದರೆ ಅಷ್ಟನ್ನೇ ಮತ್ತೊಮ್ಮೆ. ಚಾಕೊಲೇಟ್ ಬೇಡ, ಅದರಲ್ಲಿನ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ತಗೊಳ್ಳುವವರಿಗೆ ಮನೆಯ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆಗಳ ಕೆಲಸವೇ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನಿಸುವುದು. ಅಂಥವರ ಹತ್ತಿರ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಸಬೇಕು.

ಊಟಕ್ಕೆ ಕತ್ತರಿ ಹಾಕುವುದರ ಅಪಾಯ ಇಲ್ಲೇ ಇದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಹೊಟ್ಟೆಗೆ ಅನ್ನ ಬೀಳಲಿ ಬಿಡಲಿ, ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ. ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್ನೂ ಅಷ್ಟೇ. ಹಳೆಯ ಡೋಸು, ಹೊಸ ಪಥ್ಯ ಎರಡೂ ಸೇರಿದರೆ ನಡುರಾತ್ರಿ ಸಕ್ಕರೆ ಕುಸಿಯುವುದು ಖಚಿತವೆಂದೇ ಹೇಳಬೇಕು. ಹಾಗಾಗಿ ಆಹಾರವನ್ನಾಗಲಿ ನಡಿಗೆಯನ್ನಾಗಲಿ ಬದಲಿಸುವ ಮುನ್ನ ಡೋಸಿನ ಬಗ್ಗೆ ವೈದ್ಯರೊಂದಿಗೆ ಮಾತಾಡಬೇಕು. ಗ್ಲಿಬೆನ್‌ಕ್ಲಮೈಡ್ ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಹಿರಿಯರಿಗೆ ಅದನ್ನು ಕೊಡದಿರುವುದೇ ಲೇಸು ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ.

ಇನ್ನು ಸ್ನಾಯುವಿನ ಮಾತು. ಉಂಡ ಮೇಲೆ ಇನ್ಸುಲಿನ್ ಆಣತಿಯಂತೆ ರಕ್ತದ ಗ್ಲೂಕೋಸನ್ನು ಹೀರಿಕೊಳ್ಳುವ ಅತಿ ದೊಡ್ಡ ಅಂಗ ಸ್ನಾಯು. ಅದು ಕರಗಿದಷ್ಟೂ ಸಕ್ಕರೆಗೆ ಹೋಗಲು ಜಾಗ ಕಡಿಮೆ. ಅರವತ್ತರ ನಂತರ ಹೇಗೂ ಸವೆಯುವ ಸ್ನಾಯುವನ್ನು ಅರೆಹೊಟ್ಟೆಯ ಪಥ್ಯ ಇನ್ನೂ ಬೇಗ ಸವೆಸುತ್ತದೆ. ಇವತ್ತು ಅಂಕಿ ಇಳಿಸಿದ ಪಥ್ಯವೇ ಎರಡು ವರ್ಷದ ನಂತರ ಅಂಕಿ ಏರಲು ಕಾರಣವಾಗಬಹುದು, ನಡುವೆ ಬಿದ್ದು ಸೊಂಟ ಮುರಿಯುವ ಅಪಾಯ ಬೇರೆ. ಸ್ಥೂಲಕಾಯದವರು ನಿಧಾನವಾಗಿ ಶೇ. 5ರಷ್ಟು ತೂಕ ಇಳಿಸಿದರೆ ಒಳ್ಳೆಯದೇ, ಆದರೆ ವ್ಯಾಯಾಮದ ಜತೆಗೆ. ಇಳಿಸುವ ಉದ್ದೇಶವೇ ಇಲ್ಲದೆ ಆರು ತಿಂಗಳಿಂದ ವರ್ಷದೊಳಗೆ ಅಷ್ಟೇ ತೂಕ ಇಳಿದಿದ್ದರೆ ಅದು ಖುಷಿಪಡುವ ಸಂಗತಿಯಲ್ಲ, ಕಾರಣ ಹುಡುಕಬೇಕು.

ಹಿರಿಯರಿಗೆ ಪ್ರೋಟೀನ್ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ನೂರು ಗ್ರಾಂ ಬೆಂದ ಬೇಳೆಕಾಳಿನಲ್ಲಿ 8ರಿಂದ 9, ನೂರು ಗ್ರಾಂ ಮೀನಿನಲ್ಲಿ 20ರ ಆಸುಪಾಸು. ಲೆಕ್ಕ ಹಾಕಿ ನೋಡಿದರೆ ಬೆಳಗಿನ ತಿಂಡಿ ಹೆಚ್ಚುಕಡಿಮೆ ಬರೀ ಪಿಷ್ಟವಾಗಿರುವುದು ತಿಳಿಯುತ್ತದೆ. ವಯಸ್ಸಾದ ಸ್ನಾಯುವನ್ನು ಬೆಳೆಯಲು ಪ್ರಚೋದಿಸಲು ಒಂದೊಂದು ಊಟದಲ್ಲೂ 25 ಗ್ರಾಂ ಆಸುಪಾಸು ಪ್ರೋಟೀನ್ ಬೇಕಾಗುವುದರಿಂದ ಅದನ್ನು ಒಂದೇ ಹೊತ್ತಿಗೆ ರಾಶಿ ಹಾಕದೆ ಮೂರೂ ಹೊತ್ತಿಗೆ ಹಂಚಬೇಕು. ಮೂತ್ರಪಿಂಡದ ಕಾಯಿಲೆಯಿದ್ದು ಡಯಾಲಿಸಿಸ್ ಹಂತ ತಲುಪದವರಿಗೆ ಈ ಲೆಕ್ಕ ಸಾಮಾನ್ಯವಾಗಿ 0.8 ಗ್ರಾಂಗೆ ಇಳಿಯುತ್ತದೆ, ಅದನ್ನು ವೈದ್ಯರೇ ಹೇಳಬೇಕು.

ಪಿಷ್ಟವನ್ನು ಪೂರ್ತಿ ಬಿಡುವುದಲ್ಲ, ಹಂಚುವುದು. 150 ಗ್ರಾಂ ಅನ್ನದಲ್ಲಿ ಸುಮಾರು 42 ಗ್ರಾಂ ಪಿಷ್ಟವಿದೆ. ಪಿಷ್ಟವನ್ನು ಮೂರೂ ಹೊತ್ತು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ, ದಿನವೂ ಅದದೇ ಸಮಯಕ್ಕೆ ತಿಂದರೆ ಮಾತ್ರೆಯ ಲಯಕ್ಕೆ ಊಟದ ಲಯ ಕೂಡುತ್ತದೆ. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಅನ್ನ ಅಥವಾ ಬ್ರೆಡ್ ಕೊನೆಗೆ ತಿನ್ನುವುದರಿಂದ, ಅದೇ ತಟ್ಟೆಯ ಅದೇ ಊಟವಾದರೂ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ. ಇದಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ, ಆದರೂ ಹೇಳುವವರು ಕಡಿಮೆ. ಹಣ್ಣನ್ನು ಇಡಿಯಾಗಿ ತಿನ್ನಬಹುದು, ರಸ ಹಿಂಡಿ ಕುಡಿಯುವುದು ಕುಸಿತದ ತುರ್ತಿಗೆ ಮಾತ್ರ. ಇನ್ನೊಂದು, ಹಲ್ಲು. ಅಗಿಯಲಾರದವರು ಕಾಳು, ಸೊಪ್ಪು ಬಿಟ್ಟು ಮೆತ್ತಗಿನ ಬ್ರೆಡ್ಡು, ಬಿಸ್ಕತ್ತಿಗೆ ಬೀಳುತ್ತಾರೆ. ಇಂಥವರಿಗೆ ಪಥ್ಯದ ಪಟ್ಟಿಗಿಂತ ದಂತವೈದ್ಯರ ಅಗತ್ಯ ಹೆಚ್ಚು.

ವ್ಯಾಯಾಮದ ಫಲ ಇಳಿವಯಸ್ಸಿನಲ್ಲಿ ಕಡಿಮೆ ಎಂಬ ನಂಬಿಕೆ ಸರಿಯಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಡಯಾಬಿಟಿಸ್ ಪ್ರಿವೆನ್ಶನ್ ಪ್ರೋಗ್ರಾಂ ಅಧ್ಯಯನದಲ್ಲಿ ಆಹಾರ ಬದಲಾವಣೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆಯಿಂದ ಕಾಯಿಲೆ ಬರುವುದು ಒಟ್ಟಾರೆ ಶೇ. 58 ತಗ್ಗಿತು. ಅರವತ್ತು ದಾಟಿದವರಲ್ಲಿ ಇದು ಶೇ. 71. ಅದೇ ವಯಸ್ಸಿನವರಲ್ಲಿ ಮೆಟ್‌ಫಾರ್ಮಿನ್ ಮಾತ್ರೆಯ ಫಲ ಶೇ. 11 ಮಾತ್ರ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಆ ಗುಣ ಒಂದೆರಡು ದಿನ ಉಳಿಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎನ್ನುವುದು ಅದಕ್ಕೇ.

ಬೆಳಗ್ಗೆ ಒಂದೇ ಸಲ ಮುಕ್ಕಾಲು ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 15 ನಿಮಿಷ ನಡೆಯುವುದು ಹಿರಿಯರಿಗೆ ಹೆಚ್ಚು ಹೊಂದುತ್ತದೆ. ರಾತ್ರಿಯೂಟದ ನಂತರದ ಸಕ್ಕರೆ ಏರಿಕೆಗಂತೂ ಅದು ಚೆನ್ನಾಗಿ ನಾಟುತ್ತದೆ. ಮಾತಾಡಲು ಸಾಧ್ಯ, ಹಾಡಲು ಕಷ್ಟ ಎನ್ನುವಷ್ಟು ವೇಗ ಸಾಕು.

ನಡಿಗೆಯೊಂದರಿಂದಲೇ ಸ್ನಾಯು ಉಳಿಯುವುದಿಲ್ಲ, ಭಾರ ಎತ್ತುವ ಕೆಲಸ ಬೇಕು. ಅತಿ ಸುಲಭದ ಭಾರ ನಮ್ಮದೇ ಮೈ. ಚಕ್ರವಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಆಸನದ ಮುಂದಿನ ಅರ್ಧದಲ್ಲಿ ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು. ಕೈ ಎದೆಯ ಮೇಲೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಉಸಿರು ಬಿಡುತ್ತ ಏಳುವುದು, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಕೂರುವುದು. ಎಂಟರಿಂದ ಹನ್ನೆರಡು ಸಲ, ಎರಡು ಸುತ್ತು, ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು. ಹೆಚ್ಚಿನವರು ತಪ್ಪುವುದು ಕೂರುವಾಗ. ಕೊನೆಯ ಅರ್ಧದಲ್ಲಿ ಧೊಪ್ಪೆಂದು ಬೀಳುತ್ತಾರೆ, ಸ್ನಾಯುವಿಗೆ ಸಿಗಬೇಕಾದ ಅರ್ಧ ಕೆಲಸ ಅಲ್ಲೇ ಹೋಯಿತು. ಉಸಿರು ಕಟ್ಟಿಕೊಂಡರೆ ರಕ್ತದೊತ್ತಡ ಜಿಗಿಯುತ್ತದೆ. ಕೈಯೂರದೆ ಏಳಲಾಗದಿದ್ದರೆ ಗಟ್ಟಿ ದಿಂಬು ಹಾಕಿ ಆಸನ ಎತ್ತರಿಸಿ, ವಾರಗಳು ಕಳೆದಂತೆ ತೆಗೆಯಬಹುದು. ಇದೇ ಒಂದು ಪರೀಕ್ಷೆಯೂ ಹೌದು: 70ರಿಂದ 74 ವಯಸ್ಸಿನ ಗಂಡಸರು 30 ಸೆಕೆಂಡಿನಲ್ಲಿ 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯವಿದೆ ಎಂದರ್ಥ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಜತೆಗೆ ಈ ಅಂಕಿಯನ್ನೂ ಬರೆದಿಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ವ್ಯಾಯಾಮಕ್ಕೆ ಮುಂಚೆ ಸಕ್ಕರೆ 90ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಪಿಷ್ಟ ತಿಂದೇ ಹೊರಡಬೇಕು. ಕಣ್ಣಿನ ಪರದೆಯಲ್ಲಿ ಹೊಸ ರಕ್ತನಾಳ ಬೆಳೆದಿದೆ ಎಂದು ಕಣ್ಣಿನ ವೈದ್ಯರು ಹೇಳಿದ್ದರೆ ಮುಕ್ಕಿ ಭಾರ ಎತ್ತುವುದು, ತಲೆ ಕೆಳಗೆ ಮಾಡುವುದು ಬೇಡ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಕ ಕುಸಿಯುವವರು ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತೇ ಏಳಬೇಕು.

ಮನೆಯ ಗ್ಲೂಕೋಮೀಟರ್ ಸುಳ್ಳು ಹೇಳುವುದು ಹೆಚ್ಚಾಗಿ ನಮ್ಮ ಬೆರಳಿನಿಂದ. ಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಅಂಕಿ ಸುಮ್ಮನೆ ಏರುತ್ತದೆ. ಸೋಪಿನಲ್ಲಿ ತೊಳೆದು, ಒರೆಸಿ, ಬೆರಳ ತುದಿಯ ಬದಿಗೆ ಚುಚ್ಚಬೇಕು. ದಿನವೂ ಬೆಳಗಿನ ಅಂಕಿಯನ್ನೇ ನೋಡುವ ಬದಲು ಒಂದು ದಿನ ತಿಂಡಿಯ, ಇನ್ನೊಂದು ದಿನ ರಾತ್ರಿಯೂಟದ ಮುಂಚೆ ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ನೋಡಿದರೆ ಯಾವ ಊಟ ತೊಂದರೆ ಕೊಡುತ್ತಿದೆ ಎಂಬುದು ಒಂದೇ ವಾರದಲ್ಲಿ ಬಯಲಾಗುತ್ತದೆ.

ಪಾದಗಳನ್ನು ರಾತ್ರಿ ಬೆರಳ ಸಂದಿಯವರೆಗೆ ನೋಡಬೇಕು, ಬಾಗಲಾಗದಿದ್ದರೆ ಕನ್ನಡಿ ನೆಲಕ್ಕಿಟ್ಟು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕೊರತೆಯೂ ಇದೇ ಜೋಮು ತರುತ್ತದೆ, ರಕ್ತಪರೀಕ್ಷೆಯಲ್ಲಿ ಅದನ್ನೂ ಸೇರಿಸಲು ಕೇಳಿ.

ಜ್ವರ, ವಾಂತಿ, ಭೇದಿಯ ದಿನಗಳೇ ಬೇರೆ. ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ. ಸಕ್ಕರೆ 600 ದಾಟಿ ಮಂಪರು ಕವಿಯುವವರೆಗೂ ನೀರು ಬೇಕೆನ್ನಿಸದಿರಬಹುದು. ಇಂಥ ದಿನ ಗಂಟೆಗೊಂದು ಲೋಟದಂತೆ ಗುಟುಕು ಗುಟುಕಾಗಿ ನೀರು ಕೊಡಿ (ಹೃದಯ, ಮೂತ್ರಪಿಂಡದ ಕಾರಣಕ್ಕೆ ನೀರಿಗೆ ಮಿತಿ ಹಾಕಿದ್ದರೆ ವೈದ್ಯರನ್ನು ಕೇಳಿ), ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ. ಮೆಟ್‌ಫಾರ್ಮಿನ್, ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಗಳು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ ಆ ಒಂದೆರಡು ದಿನ ನಿಲ್ಲಿಸಿರಲು ಹೇಳುತ್ತಾರೆ, ಆದರೆ ಇನ್ಸುಲಿನ್ ಪೂರ್ತಿ ನಿಲ್ಲಿಸುವುದಿಲ್ಲ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಲೇಬಾರದು ಎಂಬುದನ್ನು ಆರೋಗ್ಯ ಸರಿಯಿದ್ದಾಗಲೇ ವೈದ್ಯರಿಂದ ಬರೆಸಿಕೊಂಡು ಔಷಧದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ, ದೊಡ್ಡ ಅಕ್ಷರದಲ್ಲಿ.